ಚಂದ್ರಮತಿಯ ಹದಿನಾಲ್ಕು ಸೆಕೆಂಡು

"ಆರುನೂರ ಹನ್ನೆರಡು ಸಲ ಕೇಳಿದ್ದಾರೆ ಮಾ!" ಟ್ರಸ್ಟಿನ ಆಫೀಸಿನಲ್ಲಿ ಕೌಶಿಕ್ ನಮಿತಾಳ ಎದುರು ಪರದೆಯ ಮೇಲೆ ಬೆರಳು ಕುಟ್ಟಿದ. "ಅಧ್ಯಕ್ಷರ ವಿಡಿಯೋ ಎಷ್ಟು ಗೊತ್ತಾ? ಒಂಬತ್ತು. ಅದರಲ್ಲಿ ಮೂರು ಅವರೇ ನೋಡಿರ್ತಾರೆ."

ಹೋಟೆಲುಗಳಲ್ಲಿ ದುಡಿದು ಮುದುಕರಾದವರ ಮನೆಗೆ ಮದ್ದು, ದಾದಿಯರನ್ನು ಕಳಿಸುವ ಟ್ರಸ್ಟು ಅದು. ಅಚ್ಚಾದ ವಾರ್ಷಿಕ ವರದಿಯನ್ನು ಯಾರೂ ತೆರೆಯುವುದಿಲ್ಲವೆಂದು ಕಳೆದ ವರ್ಷ ಅದನ್ನು ಮೊಬೈಲಿಗೆ ತಂದವಳು ನಮಿತಾ. ಒಂದು ಮುಖವನ್ನು ಮುಟ್ಟಿದರೆ ಆ ಮುಖದ ಮಾತು ಕೇಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿದ್ದು ಚಂದ್ರಮತಿಯ ಹದಿನಾಲ್ಕು ಸೆಕೆಂಡು.

"ಆ ಚಂದ್ರಮತಿ ಅಜ್ಜಿ ಹತ್ರ ಇನ್ನೊಂದು ಐದು ನಿಮಿಷ ರೆಕಾರ್ಡ್ ಮಾಡ್ಕೊಂಡು ಬಾ. ಈ ವರ್ಷ ಅವರೇ ಮುಖಪುಟ."

ಟ್ರಿಪ್ಲಿಕೇನಿನ ಓಣಿಯಲ್ಲಿ, ಮೆಸ್ಸೊಂದರ ಮೇಲಿನ ಒಂಟಿ ಕೋಣೆ. ಬಾಗಿಲು ತೆರೆದ ಚಂದ್ರಮತಿಯ ಗಂಡ ಬಾಬಣ್ಣ ನಮಿತಾಳ ಕೈಯ ಮೈಕನ್ನು ನೋಡಿದರು. ಅವರ ಹಿಂದೆ ಗೋಡೆಯಲ್ಲಿ ಚಂದ್ರಮತಿಯ ಫೋಟೋ, ಹಾರ.

"ಆಟಿ ತಿಂಗಳಲ್ಲಿ ಹೋದಳು ಮಗಾ. ದಾದಿಗೆ ಹೇಳಿದ್ದೆ. ಆಫೀಸಿಗೆ ಗೊತ್ತಾಗ್ಲಿಲ್ವಾ?"

ನಮಿತಾ ಮೈಕನ್ನು ಚೀಲದೊಳಗೆ ತುರುಕಿದಳು.

"ಕೂತ್ಕೋ. ನಾನೇ ಬರುವ ಅಂತಿದ್ದೆ." ಬಾಬಣ್ಣ ಮೊಬೈಲಿನಲ್ಲಿ ವರದಿ ತೆರೆದು ಹೆಂಡತಿಯ ಮುಖ ಮುಟ್ಟಿದರು. "ಮದ್ದು ಮನೆಗೇ ಬರ್ತದೆ. ಯಾರಿಗೂ ಕೈ ಚಾಚಬೇಕಂತ ಇಲ್ಲ. ನಿಮ್ಮ ಉಪಕಾರ ದೊಡ್ಡದು," ಎಂದಿತು ಚಂದ್ರಮತಿಯ ದನಿ. ಆಮೇಲೆ ಒಂದು ಉಸಿರು. ಅಲ್ಲಿಗೆ ಮುಗಿಯಿತು.

"ಈ ಉಸಿರು ಉಂಟಲ್ಲ, ಇದು ನನ್ನನ್ನು ಬೈಲಿಕ್ಕೆ ಎಳೆದದ್ದು. ಆ ದಿನ ನಾನು ನಿನಗೆ ಕೊಟ್ಟ ಕಾಫಿ ತಣ್ಣಗಾಗಿತ್ತು ಅಂತ. 'ನಲವತ್ತು ವರ್ಷ ಊರಿಗೆಲ್ಲ ಬಿಸಿ ಕಾಫಿ, ಮನೆಗೆ ಬಂದವರಿಗೆ ಕಲಗಚ್ಚು!' ನೀನು ನಗಾಡಿದ್ದಿ, ನೆನಪುಂಟಾ?"

ನೆನಪಿತ್ತು.

"ಆ ಬೈದದ್ದನ್ನೂ ಸೇರಿಸಿ ಕೊಡು. ಎಷ್ಟು ಸಲ ಒತ್ತಿದ್ರೂ ಇಲ್ಲಿಗೇ ಬಂದು ನಿಲ್ತದೆ. ಮಾತು ಗೊತ್ತುಂಟು, ಹೇಳಿದ ರಾಗ ಮರೆತು ಹೋಗ್ತಾ ಉಂಟು."

ದಾನಿಗಳಿಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದ ನಲವತ್ತು ನಿಮಿಷವನ್ನು ನಮಿತಾ ವರದಿ ಹೊರಟ ದಿನವೇ ಅಳಿಸಿದ್ದಳು. ರೆಕಾರ್ಡರಿನಲ್ಲಿ ಬೇರೆ ಮುಖಗಳಿಗೆ ಜಾಗ ಬೇಕಿತ್ತು.

"ಅದು ಇಲ್ಲ ಬಾಬಣ್ಣ. ನಾನೇ ಅಳಿಸಿಬಿಟ್ಟೆ."

"ಪೂರಾ?"

"ಪೂರಾ."

ಅವರು ಬೈಯಲಿಲ್ಲ. ಮೊಬೈಲನ್ನು ಚಾಪೆಯ ಮೇಲೆ ಮಗುಚಿಟ್ಟರು. "ನೀನು ಕೇಳಿದವಳಲ್ವಾ. ಒಮ್ಮೆ ಹೇಳು, ಅವಳ ಹಾಗೆ."

ನಮಿತಾ ಹೇಳಿದಳು.

"ಅಷ್ಟು ಮೆಲ್ಲಗೆ ಅಲ್ಲ ಮಾರಾಯ್ತಿ."

ಅವಳು ದನಿಯೇರಿಸಿದಳು. ಮೂರನೆಯ ಸಲಕ್ಕೆ ಕೆಳಗೆ ಮೆಸ್ಸಿನಲ್ಲಿ ತಟ್ಟೆಗಳ ಸದ್ದು ನಿಂತಿತು. ಬಾಬಣ್ಣ ಕಣ್ಣು ಮುಚ್ಚಿಕೊಂಡೇ, ಅಲ್ಲವೆಂದು ತಲೆಯಾಡಿಸುತ್ತಿದ್ದರು.