ಅಣ್ಣ ಹಾಕಿದ ಬೀಗ

ಹೊರಡಲು ಒಂಬತ್ತು ದಿನ ಇದ್ದಾಗ ನಮ್ಮಣ್ಣ ನನ್ನ ಬೆಟ್ಟ ಹತ್ತುವ ಬೂಟುಗಳನ್ನು ವರ್ಕ್‌ಶಾಪಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದ. ಕದ್ದುಮುಚ್ಚಿ ಅಲ್ಲ, ನನ್ನ ಕಣ್ಣೆದುರಿಗೇ. ಕೀಯನ್ನು ಜೇಬಿಗೆ ಹಾಕಿಕೊಂಡು, ಏನೂ ಆಗದವನ ಹಾಗೆ, ಟೀ ತರಿಸಲಾ ಎಂದು ಕೇಳಿದ.

ಬೇರೆ ಮನೆಯಲ್ಲಾಗಿದ್ದರೆ ಕಟರ್ ತಂದು ಬೀಗ ಕತ್ತರಿಸಿದರೆ ಮುಗಿಯುತ್ತಿತ್ತು. ಕಟರ್ ನನ್ನ ಕೈಯಳತೆಯಲ್ಲೇ ಇತ್ತು. ಆದರೆ ನಾವಿಬ್ಬರೂ ಲಿಫ್ಟ್ ರಿಪೇರಿಯವರು. ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ನಮ್ಮ ಬೀಗ ಹಾಕಿ, ಕೀ ಜೇಬಿನಲ್ಲಿಟ್ಟುಕೊಳ್ಳುತ್ತೇವೆ. ಮೇಲೆ ಯಾವನೋ ಅವಸರಗೇಡಿ ಸ್ವಿಚ್ ಎತ್ತಿದರೆ ಕೆಳಗಿದ್ದವರು ಅಪ್ಪಚ್ಚಿ. ಅದಕ್ಕೇ ಹಾಕಿದವರೇ ತೆಗೆಯಬೇಕು, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹಿಂದೊಮ್ಮೆ ನಾನು ಬೀಗ ತೆಗೆಯಲು ಮರೆತು ಮನೆಗೆ ಹೋಗಿದ್ದೆ. ನಾನು ವಾಪಸ್ ಬರುವವರೆಗೆ ಹನ್ನೆರಡು ಮಹಡಿಯ ಜನ ನನಗೆ ಹಿಡಿಶಾಪ ಹಾಕುತ್ತ ಮೆಟ್ಟಿಲು ಹತ್ತಿದರು. ಅಣ್ಣ ಅಲ್ಲೇ ಇದ್ದ, ಬೀಗ ಮುಟ್ಟಲಿಲ್ಲ. ನನ್ನದು ಕೆಂಪು ಬೀಗ, ಅವನದು ನೀಲಿ. ಬೀರುವಿನ ಮೇಲೆ ಈಗ ನೇತಾಡುತ್ತಿದ್ದದ್ದು ನೀಲಿ.

"ಬೂಟು ನಿಂದು, ಒಪ್ಕೋತೀನಿ. ಹೊಟ್ಟೇಲಿರೋ ಕಿಡ್ನಿ ನಂದು. ನನ್ನ ಕಿಡ್ನೀನ ಹಿಮದ ಮೇಲೆ ಉರುಳಿಸೋಕೆ ನಾನು ಬಿಡಲ್ಲ," ಎಂದ ಅಣ್ಣ.

ಅದು ಅವನದೇ ಆಗಿತ್ತು, ನಿಜ. ನನ್ನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಎರಡು ವರ್ಷ ನಾನು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿದ್ದೆ. ಕುಡಿಯಲು ದಿನಕ್ಕೆ ಅರ್ಧ ಲೀಟರ್ ನೀರು, ಟೀ ಕಾಫಿ ಎಲ್ಲ ಅದರಲ್ಲೇ. ಯಾರಾದರೂ ಬಾಟಲಿ ಎತ್ತಿ ಗಟಗಟ ಕುಡಿದರೆ ಅವರನ್ನು ಹೊಡೆಯಬೇಕು ಅನ್ನಿಸುತ್ತಿತ್ತು. ಮೂತ್ರ ಅನ್ನುವುದೇ ನಿಂತುಹೋಗಿತ್ತು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಇದ್ದ ನಾಚಿಕೆಯೆಲ್ಲ ಆ ಎರಡು ವರ್ಷದಲ್ಲಿ ಖರ್ಚಾಗಿದೆ. ಅವನ ಒಂದು ಕಿಡ್ನಿ ನನಗೆ ಕೂರಿಸುವ ಆಪರೇಷನ್ ಆದ ಮಾರನೇ ದಿನ ಅಣ್ಣ ಗಾಲಿಕುರ್ಚಿಯಲ್ಲಿ ಬಂದವನು ನನ್ನ ಮುಖ ನೋಡಲಿಲ್ಲ. ಮಂಚದ ಪಕ್ಕ ನೇತುಹಾಕಿದ್ದ ಮೂತ್ರದ ಚೀಲ ನೋಡಿದ. ತುಂಬಿತ್ತು. "ಓಡ್ತಿದೆ ಕಣೇ," ಎಂದ, ಸುಟ್ಟುಹೋದ ಮೋಟಾರು ಮತ್ತೆ ತಿರುಗಿದಾಗ ಹೇಳುವ ದನಿಯಲ್ಲಿ. ಆಮೇಲೆ ಚೀಲ ನೋಡುತ್ತಲೇ ಬಿಕ್ಕಿಬಿಕ್ಕಿ ಅತ್ತ.

ಬೆಟ್ಟದ ಹುಚ್ಚು ಹಿಡಿದದ್ದು ಡಯಾಲಿಸಿಸ್ ಕೋಣೆಯಲ್ಲಿ. ಗೋಡೆಯ ಮೇಲೆ ಹಿಮದ ಬೆಟ್ಟದ ಚಿತ್ರವಿದ್ದ ಕ್ಯಾಲೆಂಡರ್ ಇತ್ತು. ಎರಡು ವರ್ಷ ಅದರ ಹಾಳೆಯನ್ನು ಯಾರೂ ತಿರುಗಿಸಲಿಲ್ಲ. ಅಷ್ಟೊಂದು ನೀರನ್ನು ಮೈಮೇಲೆ ಹೊದ್ದುಕೊಂಡು ಆ ಬೆಟ್ಟ ನನ್ನನ್ನು ಗೇಲಿ ಮಾಡುತ್ತಿತ್ತು. ಇರು, ಒಂದಿನ ಬಂದು ವಿಚಾರಿಸ್ಕೋತೀನಿ ಅಂದುಕೊಂಡಿದ್ದೆ.

ಕಿಡ್ನಿ ಕೂರಿಸಿ ಮೂರು ವರ್ಷವಾಗಿತ್ತು. ಡಾಕ್ಟರಮ್ಮ ನನ್ನ ರಿಪೋರ್ಟುಗಳನ್ನೆಲ್ಲ ಹಿಂದೆ ಮುಂದೆ ತಿರುವಿ ನೋಡಿ, ಹೋಗಬಹುದು ಎಂದರು. ಮಾತ್ರೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ, ತಪ್ಪುವಂತಿಲ್ಲ. ಸೊಂಟದ ಪಟ್ಟಿ ಹೊಟ್ಟೆಯ ಬಲಗಡೆ ಒತ್ತುವಂತಿಲ್ಲ, ಹೊಸ ಕಿಡ್ನಿ ಇರುವುದು ಅಲ್ಲೇ. ಎಲ್ಲಕ್ಕಿಂತ ಮುಖ್ಯ, ನೀರು ಮುಗಿದರೆ ಎಲ್ಲಿದ್ದರೂ ವಾಪಸ್.

ನಾನು ಒಂದು ವರ್ಷ ಮೆಟ್ಟಿಲು ಹತ್ತಿಯೇ ತಯಾರಾದೆ. ಲಿಫ್ಟ್ ಸರಿಮಾಡಿ, ಅದನ್ನು ಬಿಟ್ಟು, ಬೆನ್ನಿಗೆ ಸಾಮಾನಿನ ಚೀಲ ಹಾಕಿಕೊಂಡು ಮೆಟ್ಟಿಲು ಹಿಡಿಯುತ್ತಿದ್ದೆ. "ರಿಪೇರಿ ಮಾಡಿದೋಳೇ ಹತ್ತಲ್ಲ ಅಂದ್ರೆ ಈ ಲಿಫ್ಟಿನ ಯೋಗ್ಯತೆ ಏನು?" ಎಂದು ಒಬ್ಬ ಹೆಂಗಸು ಗಲಾಟೆ ಎಬ್ಬಿಸಿದರು. ಅಣ್ಣ ಆಕೆಯ ಜೊತೆ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿ ಸಮಾಧಾನ ಮಾಡಬೇಕಾಯಿತು.

ಬೀಗ ಬಿದ್ದ ಮೇಲೆ ಏಳು ದಿನ ನಾವು ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. "ಇಬ್ಬರಿಗೂ ಸೇರಿ ಎರಡು ಕಿಡ್ನಿ ಇದೆ, ಬುದ್ಧಿ ಮಾತ್ರ ಒಂದೂ ಇಲ್ಲ," ಎಂದರು ಅತ್ತಿಗೆ, ಊಟ ಬಡಿಸುತ್ತ.

ಎಂಟನೇ ದಿನ ಒಂದು ಹಳೆಯ ಕಟ್ಟಡದಲ್ಲಿ ಕೆಲಸವಿತ್ತು. ಗುಂಡಿಗೆ ಇಳಿಯುವವಳು ನಾನು. ಸ್ವಿಚ್ಚಿಗೆ ನನ್ನ ಕೆಂಪು ಬೀಗ ಹಾಕಿ ಕೀಯನ್ನು ಅಣ್ಣನ ಮುಂದೆ ಹಿಡಿದೆ.

"ತಗೋ. ನೀನೇ ಇಟ್ಕೋ."

"ತಲೆ ಕೆಟ್ಟಿದ್ಯಾ? ಇಳಿಯೋಳು ನೀನು. ಕೀ ನಿನ್ನ ಹತ್ರಾನೇ ಇರ್ಬೇಕು. ಹೇಳ್ಕೊಟ್ಟಿಲ್ವಾ ನಾನು?"

"ಹೇಳ್ಕೊಟ್ಟಿದೀಯ. ಯಾರ ಜೀವ ಒಳಗಿದೆಯೋ ಬೀಗ ಅವರದ್ದು. ಹೊರಗೆ ನಿಂತೋರದ್ದಲ್ಲ. ಬೆಟ್ಟಕ್ಕೆ ಹೋಗೋಳು ನಾನು. ಅಲ್ಲಿ ನಿನ್ನ ಬೀಗಕ್ಕೇನು ಕೆಲಸ?"

ಹದಿನೆಂಟು ವರ್ಷ ಕಂಡಕಂಡವರಿಗೆಲ್ಲ ಆ ನಿಯಮ ಹೇಳಿಕೊಟ್ಟವನು ತಾನೇ ತಪ್ಪಿದ್ದ, ಅದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ನಾನು ಕೀಯನ್ನು ಜೇಬಿಗಿಳಿಸಿ ಗುಂಡಿಗಿಳಿದೆ.

ಸಂಜೆ ವರ್ಕ್‌ಶಾಪಿಗೆ ಬಂದರೆ ಬೀರು ತೆರೆದಿತ್ತು, ಬೂಟುಗಳು ನನ್ನ ಬೆಂಚಿನ ಮೇಲಿದ್ದವು. "ನಾನೂ ಬರ್ತೀನಿ," ಎಂದ ಅಣ್ಣ, ಮುಖ ಊದಿಸಿಕೊಂಡೇ. "ಮೇಲಕ್ಕಲ್ಲ. ತಂಗುಮನೆವರೆಗೆ."

ಹಿಮ ಶುರುವಾಗುವಲ್ಲಿ ಕಲ್ಲಿನ ತಂಗುಮನೆಯಿತ್ತು. ಅಣ್ಣನನ್ನು ಅಲ್ಲಿ ಬಿಟ್ಟು ನಾನೂ ಗೈಡೂ ಬೆಳಗಿನ ಜಾವ ಹೊರಟೆವು. ಗೈಡ್ ಒಬ್ಬ ಒಣಕಲು ಮನುಷ್ಯ, ಮಾತು ಕಡಿಮೆ. ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಬಿಗಿದುಕೊಂಡು ನಾಲ್ಕು ಗಂಟೆ ಹತ್ತಿದೆವು. ಪಟ್ಟಿಯ ಬಲಗಡೆ ನಾನು ದಪ್ಪ ಸ್ಪಂಜು ಹೊಲಿದುಕೊಂಡಿದ್ದೆ, ಒತ್ತಲಿಲ್ಲ. ಮೈ ಹೇಳಿದ ಮಾತು ಕೇಳುತ್ತಿತ್ತು. ಎಂಟಕ್ಕೆ ಮಾತ್ರೆ ಬಾಯಿಗೆ ಹಾಕಿಕೊಂಡು, ಬೆನ್ನಿನ ನೀರಿನ ಚೀಲದಿಂದ ಬರುವ ನಳಿಕೆ ಚೀಪಿದೆ. ನೀರು ಬರಲಿಲ್ಲ. ನಳಿಕೆಯೊಳಗೆ ನೀರು ಹೆಪ್ಪುಗಟ್ಟಿತ್ತು. ಬಗ್ಗಿಸಿ ಉಜ್ಜಲು ಹೋದೆ, ಬುಡದಲ್ಲಿ ಪಟ್ಟನೆ ಮುರಿಯಿತು. ಚೀಲ ಇಳಿಸಿ ನೋಡುವಷ್ಟರಲ್ಲಿ ಉಳಿದಿದ್ದ ಎರಡೂವರೆ ಲೀಟರ್ ನೀರು ನನ್ನ ಬಟ್ಟೆ ತೋಯಿಸಿ ಹಿಮದ ಪಾಲಾಗಿತ್ತು.

ಗೈಡ್ ತನ್ನ ಬಾಟಲಿಯಿಂದ ಮಾತ್ರೆಗೆ ಎರಡು ಗುಟುಕು ಕೊಟ್ಟ. "ಅರ್ಧ ಬಾಟಲಿ ಇದೆ ನೋಡಿ. ತುದಿ ಕಾಣ್ತಾ ಇದೆ. ಎರಡು ಗಂಟೆ ಅಷ್ಟೇ."

ಕಾಣುತ್ತಿತ್ತು, ಕೈಚಾಚಿದರೆ ಸಿಗುವ ಹಾಗೆ. ಎರಡು ಗಂಟೆ ಹೋಗುವುದಕ್ಕೆ ಸರಿ, ಇಳಿಯುವುದಕ್ಕೆ ಇನ್ನೂ ನಾಲ್ಕು ಬೇಕು. ಅರ್ಧ ಬಾಟಲಿಯಲ್ಲಿ ಇಬ್ಬರು. ಬೂಟಿಗೆ ಬೀಗ ಬಿದ್ದಿದ್ದ ದಿನಗಳಲ್ಲಿ ಯಾರಾದರೂ ನನಗೆ ಬೇಡ ಅಂದಿದ್ದರೆ ಹಟಕ್ಕಾದರೂ ಹೋಗುತ್ತಿದ್ದೆ. ಈಗ ಬೇಡ ಅನ್ನಬೇಕಾದವಳು ನಾನೇ.

"ವಾಪಸ್," ಎಂದೆ. ಅರ್ಧ ದಾರಿ ಸಿಟ್ಟಿನಿಂದ ಅತ್ತೆ. ಅಳುವುದೂ ನೀರಿನ ಖರ್ಚೇ ಎಂದು ಹೊಳೆದು ನಿಲ್ಲಿಸಿದೆ.

ಅಣ್ಣ ತಂಗುಮನೆಯ ಬಾಗಿಲಲ್ಲೇ ಕೂತಿದ್ದ. "ನಾನು ಹೇಳಿರಲಿಲ್ವಾ?" ಅನ್ನುತ್ತಾನೆ, ಹಾಗೇನಾದರೂ ಅಂದರೆ ಅಲ್ಲೇ ಜಗಳ ತೆಗೆಯಬೇಕು ಎಂದು ತಯಾರಾಗಿಯೇ ಬಂದೆ. ಅವನು ದೊಡ್ಡ ಲೋಟದ ತುಂಬ ಬಿಸಿನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ನೋಡಿ, ನೀರಿನ ಚೀಲ ಕೇಳಿ ಇಸಿದುಕೊಂಡ. ಬೆಟ್ಟಕ್ಕೂ ತನ್ನ ಸಾಮಾನಿನ ಚೀಲ ಹೊತ್ತು ತಂದಿದ್ದ, ಅವನ ಚಾಳಿ. ಮುರಿದ ತುದಿ ಕತ್ತರಿಸಿ, ನಳಿಕೆಯನ್ನು ಮತ್ತೆ ಕೂರಿಸಿ, ಕ್ಲಿಪ್ ಬಿಗಿದು, ಉದ್ದಕ್ಕೂ ಕಪ್ಪು ಸ್ಪಂಜು ಸುತ್ತಿದ.

"ಪ್ರತಿ ಗುಟುಕು ಆದ್ಮೇಲೆ ನಳಿಕೆಯೊಳಗೆ ಊದಿಬಿಡು. ನೀರು ಚೀಲಕ್ಕೆ ವಾಪಸ್ ಹೋಗ್ಬೇಕು, ನಳಿಕೇಲಿ ನಿಲ್ಲಬಾರ್ದು. ಎರಡು ಬಾಟಲಿ ಬೇರೆ ಇಟ್ಕೋ, ಹೆಪ್ಪುಗಟ್ಟದ ಹಾಗೆ ಉಣ್ಣೆ ಕಾಲುಚೀಲದಲ್ಲಿ ಸುತ್ತಿ. ಗೈಡ್‌ನ ಕೇಳ್ದೆ, ನಾಳಿದ್ದೂ ಹವಾ ಚೆನ್ನಾಗಿರತ್ತಂತೆ."

"ಮತ್ತೆ ಹೋಗ್ತೀನಿ ಅಂತ ನಾನು ಅಂದ್ನಾ?"

"ನಿನ್ನ ಮುಖ ಅಂತು." ಅವನು ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿದ. "ನಂಗೆ ಆ ಕಿಡ್ನಿ ಬಗ್ಗೆ ಹೆದರಿಕೆ ಇರ್ಲಿಲ್ಲ ಕಣೇ. ಅದೂ ಹೋದ್ರೆ ಕೊಡೋಕೆ ನನ್ನ ಹತ್ರ ಇನ್ನೊಂದಿಲ್ಲ. ಅದೇ ಹೆದರಿಕೆ." ಚೀಲವನ್ನು ನನ್ನ ಕೈಗಿಟ್ಟು ಹೇಳಿದ, "ನಿಂಗೇ ಬೀಗ ಹಾಕ್ಕೊಳ್ಳೋಕೆ ಬರತ್ತೆ ಅಂತ ಇವತ್ತು ಗೊತ್ತಾಯ್ತು. ಹೋಗು."

ಒಂದು ದಿನ ಬಿಟ್ಟು ಮತ್ತೆ ಹೊರಟೆವು. ಕುಡಿದೆ, ಊದಿದೆ, ಕುಡಿದೆ, ಊದಿದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ತುದಿಯಲ್ಲಿದ್ದೆ. ಎರಡು ಮಂಚ ಹಾಕುವಷ್ಟು ಜಾಗ, ಒಂದು ಬಂಡೆ, ಕಿವಿ ಕಿತ್ತುಹೋಗುವಂಥ ಗಾಳಿ. ಗೈಡ್ ಫೋಟೋ ತೆಗೆಯಲು ಫೋನು ಹೊರತೆಗೆದ.

"ಫೋಟೋ ಆಮೇಲೆ," ಎಂದೆ. "ಮೊದ್ಲು ಆ ಕಡೆ ತಿರುಗಿ ನಿಂತ್ಕೊಳ್ಳಿ."

ಅವನು ಹಗ್ಗದ ತನ್ನ ತುದಿ ಹಿಡಿದು ಕಣಿವೆ ನೋಡುತ್ತ ನಿಂತ. ನಾನು ಬಂಡೆಯ ಮರೆಯಲ್ಲಿ ಕೂತೆ. ಎರಡು ವರ್ಷ ನನ್ನನ್ನು ಗೇಲಿ ಮಾಡಿದ ಬೆಟ್ಟದ ನೆತ್ತಿಯ ಮೇಲೆ, ಸಾವಕಾಶವಾಗಿ, ಕೊನೆಯ ಹನಿಯವರೆಗೂ. ಹಿಮ ಹಳದಿಯಾಯಿತು. ಅಂಥ ಸಂತೋಷ ನನಗೆ ಜೀವಮಾನದಲ್ಲಿ ಆಗಿಲ್ಲ.

ಮಧ್ಯಾಹ್ನ ತಂಗುಮನೆಗೆ ಇಳಿದಾಗ ಅಣ್ಣ ಅದೇ ಬಾಗಿಲಲ್ಲಿದ್ದ. "ಮೇಲೆ ಏನು ಮಾಡ್ದೆ?" ಎಂದು ಕೇಳಿದ. ಮಾಡಿದ್ದನ್ನು ಹೇಳಿದೆ. ಅವನು ಪಕ್ಕೆಯ ಹಳೇ ಹೊಲಿಗೆಯ ಗುರುತು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

"ಚೆನ್ನಾಗಿ ಬಂತಾ?"

"ಧಾರಾಳವಾಗಿ."

"ಮತ್ತೆ? ಯಾರ ಕಿಡ್ನಿ ಅದು?" ಎಂದು ಎದೆಯುಬ್ಬಿಸಿದ.

"ಯಾರದ್ದು?" ಎಂದೆ, ಅವನ ಕಣ್ಣಲ್ಲಿ ಕಣ್ಣಿಟ್ಟು.

ಅಣ್ಣ ನನ್ನ ಮುಖ ನೋಡಿದ, ಬೆಟ್ಟ ನೋಡಿದ. "ನಿಂದೇ ಬಿಡು ತಾಯಿ," ಎಂದು, ಮರಗಟ್ಟಿದ ನನ್ನ ಬೂಟಿನ ಲೇಸು ಬಿಚ್ಚಲು ನೆಲದ ಮೇಲೆ ಕೂತ.