ಯಾರೂ ಮುಟ್ಟಬಾರದ ಅಂಗಿ

ರೀಸ್ ಕುಚೇರಾನ ಕೈ ನಡುಗುತ್ತದೆ ಎಂಬುದು ನಮ್ಮೂರಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ನಾನು ಸೆಂಟರ್. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದು ನನ್ನ ಕೆಲಸ. ಹಿಂದೆ ಕೈಯೊಡ್ಡಿ ನಿಂತು ಅದನ್ನು ತೆಗೆದುಕೊಂಡು ಮುಂದೆ ಓಡುವ ನಮ್ಮವರಿಗೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಖ ನನಗೆ ಕಾಣುವುದಿಲ್ಲ, ಕೈ ಮಾತ್ರ ತಾಗುತ್ತದೆ.

ಎರಡು ವರ್ಷ ರೀಸ್ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಮೈದಾನದ ಅಂಚಿನಲ್ಲಿ ನಿಂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಆರಾಮಾಗಿದ್ದ. ಅಷ್ಟರಲ್ಲಿ ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಕಾಲು ಮುರಿದುಕೊಂಡ. ನೆಬ್ರಾಸ್ಕದ ನಮ್ಮಂಥ ಪುಟ್ಟ ಊರಿನಲ್ಲಿ ಮೂರನೆಯವನು ಎಲ್ಲಿಂದ ಬರಬೇಕು? ಕೋಚ್ ಹಾಲ್ವರ್ಸನ್ ಟ್ರೆಂಟ್‌ನ ಕೆಂಪು ಅಂಗಿಯನ್ನು ರೀಸ್‌ಗೆ ತೊಡಿಸಿದರು. ಆಟದಲ್ಲಿ ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲೆಂದೇ ನುಗ್ಗುತ್ತಾರೆ, ಆದರೆ ಅಭ್ಯಾಸದಲ್ಲಿ ಕೆಂಪು ಅಂಗಿಯವನನ್ನು ಯಾರೂ ಕೆಡವುವಂತಿಲ್ಲ. ಹತ್ತಿರ ಸುಳಿದರೆ ಸೀಟಿ.

ಊರೂ ಜೊತೆ ಸೇರಿತು. ತಾಯಿ ಅವನಿಗೆ ಹುಲ್ಲಿನ ಪೆಂಡಿ ಎತ್ತಲು ಬಿಡಲಿಲ್ಲ. ಚರ್ಚಿನಲ್ಲಿ ಕುರ್ಚಿ ಮಡಚಲು ಹೋದರೆ ಹೆಂಗಸರು ಕೈಯಿಂದ ಕಿತ್ತುಕೊಂಡರು. ವಾರವಿಡೀ ಗಾಜಿನ ಬಳೆಯಂತೆ ಕಾಪಾಡಿ ಶುಕ್ರವಾರದ ಆಟದಲ್ಲಿ ಕಲ್ಲಿಗೆ ಬಡಿಯುವುದು, ಇದು ನಮ್ಮ ಜನರ ಜಾಣತನ.

ಮೊದಲ ಆಟದಲ್ಲಿ ಎದುರಾಳಿಗಳು ಕೆಂಪು ಅಂಗಿಯ ನಿಯಮ ಕೇಳಿದವರೇ ಅಲ್ಲ. ಅವನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಆಮೇಲೆ ರೀಸ್ ನಮ್ಮವರು ಯಾರು ಎಲ್ಲಿದ್ದಾರೆಂದು ನೋಡಲೇ ಇಲ್ಲ. ಚೆಂಡು ಕೈಗೆ ಬಂದ ಕೂಡಲೇ ಕಣ್ಣು ಮುಚ್ಚಿ ಎಸೆದ. ಸೋತೆವು. ಊರಿನ ಕೆಫೆಯಲ್ಲಿ ಯಾರೂ ಬೈಯಲಿಲ್ಲ, ಮುಂದಿನ ವಾರ ನೋಡೋಣ ಬಿಡು ಎಂದು ಬೆನ್ನು ತಟ್ಟಿದರು. ಬೈದಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಅವನು ಕೋಚ್ ಹತ್ತಿರ ಹೋಗಿ, ಈ ಅಂಗಿ ಬೇಡ, ನಮ್ಮವರೇ ನನ್ನನ್ನು ಕೆಡವಲಿ ಎಂದು ಕೇಳಿಕೊಂಡ. ನೀನೂ ಮುರಿದು ಬಿದ್ದರೆ ಯಾರನ್ನು ಆಡಿಸಲಿ ಎಂದರು ಕೋಚ್. ಅವರ ಮಾತೂ ಸರಿಯೇ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಬುಧವಾರ ಸಂಜೆ ರೀಸ್ ನಮ್ಮ ಕೊಟ್ಟಿಗೆಯ ಹಿಂದೆ ಬಂದು ನಿಂತ.

"ಹೊಡಿ ನನ್ನ."

"ತಲೆ ಕೆಟ್ಟಿದ್ಯಾ? ಕೋಚ್‌ಗೆ ಗೊತ್ತಾದ್ರೆ ನನ್ ಚರ್ಮ ಸುಲೀತಾರೆ."

"ಬೀಳೋದೇ ಗೊತ್ತಿಲ್ದೆ ನಿಂತ್ಕೊಳ್ಳೋದು ಹೆಂಗೋ? ಹೊಡಿ ಮಾರಾಯ."

ಮೆಲ್ಲಗೆ ತಳ್ಳಿದೆ. ನಿಮ್ಮಜ್ಜಿ ಇದಕ್ಕಿಂತ ಗಟ್ಟಿಯಾಗಿ ತಬ್ಬಿಕೊಳ್ಳುತ್ತಾಳೆ ಎಂದು ಹಂಗಿಸಿದ. ಆಗ ಓಡಿ ಬಂದು ಎತ್ತಿ ಕೆಡವಿದೆ. ಅವನು ಅಲುಗಾಡದೆ ಬಿದ್ದಿದ್ದ. ಏನು ಮುರಿದೆನೋ ಎಂದು ಬಗ್ಗಿ ನೋಡಿದೆ.

"ಇಷ್ಟೇನಾ?" ಎಂದ ರೀಸ್, ಆಕಾಶ ನೋಡುತ್ತ.

ಕತ್ತಲಾಗುವವರೆಗೂ ಕೆಡವಿದೆ. ಪ್ರತಿ ಸಲವೂ ಎದ್ದು ಬಂದ.

ಎರಡನೆಯ ಆಟದಲ್ಲಿ ನನಗೆ ತಾಗಿದ ಕೈ ಬೆಚ್ಚಗಿತ್ತು, ನಡುಗಲಿಲ್ಲ. ಎದುರಾಳಿ ತಂಡದ ಇಬ್ಬರು ಧಡಿಯರು ಮೈಮೇಲೆ ಬರುತ್ತಿದ್ದರೂ ಅವನು ನಿಂತ, ಕಣ್ಣು ಬಿಟ್ಟು ನೋಡಿದ, ಎಸೆದ, ಆಮೇಲೆ ಬಿದ್ದ. ಚೆಂಡು ಹೋಗಬೇಕಾದವನ ಕೈಗೇ ಹೋಯಿತು. ಗೆದ್ದೆವು. ಬೇಲಿಯಾಚೆ ಅವನಪ್ಪ ಅಳುತ್ತಿದ್ದರು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನು?

ಸೋಮವಾರ ಕೋಚ್ ಹೊಸ ಕೆಂಪು ಅಂಗಿ ತಂದರು. ಬೆನ್ನ ಮೇಲೆ ಕುಚೇರಾ ಎಂದು ಅವರ ಹೆಂಡತಿಯೇ ಹೊಲಿದಿದ್ದರು. ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಇವನೇ ಕ್ವಾರ್ಟರ್‌ಬ್ಯಾಕ್ ಎಂದು ಎಲ್ಲರೆದುರು ಹೇಳಿ, ನನ್ನ ಕಡೆ ತಿರುಗಿದರು.

"ಕೊಟ್ಟಿಗೆ ಹಿಂದಿನ ಕುಸ್ತಿ ನಂಗೆ ಗೊತ್ತಾಗಿದೆ. ಇನ್ನೊಂದ್ಸಲ ಇವನನ್ನ ಮುಟ್ಟಿದ್ರೆ ನೀನು ತಂಡದಲ್ಲಿ ಇರಲ್ಲ."

ಅಭ್ಯಾಸ ಶುರುವಾಯಿತು. ನಾನು ಬಗ್ಗಿದೆ. ಹಿಂದಿನಿಂದ ಬಂದ ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು, ನಡುಗುತ್ತಿತ್ತು.

"ಸಂಜೆ ಬರ್ಲೇನೋ?" ಎಂದು ಪಿಸುಗುಟ್ಟಿದ.

ಕೋಚ್ ಸೀಟಿ ಕಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದರು. ನಾನು ಬೇಡವೆಂದು ತಲೆಯಾಡಿಸಿ ಚೆಂಡು ಕೊಟ್ಟೆ.