ಮಾರಿಯಮ್ಮನ ಕಡಲಿಗೆ ಮೈಲುತುತ್ತ

ಊರಿಗಾಂನ ಗಣಿ ಕ್ವಾರ್ಟರ್ಸಿನಲ್ಲಿ ಪೆರುಮಾಳನ ಮನೆಯೊಂದರಲ್ಲಿ ಮಾತ್ರ ಕಡಲಿತ್ತು. ಮೂರಡಿ ಉದ್ದ, ಮೊಣಕಾಲೆತ್ತರ. ಬಂಗಲೆ ಖಾಲಿ ಮಾಡಿ ಸೀಮೆಗೆ ಹಡಗು ಹತ್ತಿದ ಯಾವನೋ ದೊರೆಯ ಸಾಮಾನು ಹರಾಜಾದಾಗ ಸಿಕ್ಕ ಗಾಜಿನ ತೊಟ್ಟಿ ಅದು. ಅದಕ್ಕೆ ನೀರು ಮದರಾಸಿನಿಂದ ಬರುತ್ತಿತ್ತು. ಪೆರುಮಾಳನ ಹೆಂಡತಿಯ ತಮ್ಮ ಆರುಮುಗಂ ರೈಲ್ವೆಯಲ್ಲಿದ್ದ. ಹುಲ್ಲು ಸುತ್ತಿದ ದಪ್ಪ ಗಾಜಿನ ಜಾಡಿಗಳಲ್ಲಿ ಕಡಲನ್ನು ತುಂಬಿ ಬಂಗಾರಪೇಟೆಗೆ ತಲುಪಿಸುವುದು ಅವನ ಪಾಲು, ಅಲ್ಲಿಂದ ಗಣಿಯ ಗಾಡಿಗೆ ಹತ್ತಿಸಿ ತರುವುದು ಪೆರುಮಾಳನ ಪಾಲು. ಪೋರ್ಟರುಗಳು "ಏನಣ್ಣ ಇದು, ಸಾರಾಯಾ?" ಎಂದು ಕಣ್ಣು ಮಿಟುಕಿಸಿದರೆ ಅವನು "ಬಂಗಾಳಕೊಲ್ಲಿ. ಮೆಲ್ಲಗೆ ಇಡಪ್ಪಾ, ಅಲೆ ಬಂದಾತು" ಎನ್ನುವನು.

ಇಷ್ಟೆಲ್ಲ ಹೆಂಡತಿ ಮಾರಿಯಮ್ಮನಿಗಾಗಿ. ಅವಳು ತೂತ್ತುಕುಡಿಯವಳು. ಅಪ್ಪ ಶಂಖಕ್ಕೆ ಮುಳುಗುವವನು. ಗಂಡ ಗಣಿಯಲ್ಲಿ ವೈಂಡಿಂಗ್ ಡ್ರೈವರು, ದಿನಾ ನೂರಾರು ಜನರನ್ನು ತೊಟ್ಟಿಲಿನಂಥ ಪಂಜರದಲ್ಲಿ ನೆಲದೊಳಗೆ ಇಳಿಸಿ ಮೇಲೆತ್ತುವವನು. "ಅಪ್ಪ ತಾನೇ ಮುಳುಗ್ತಿದ್ದ, ಇವರು ಊರನ್ನ ಮುಳುಗಿಸ್ತಾರೆ" ಎಂದು ಅವಳು ನಗುತ್ತಿದ್ದಳು.

ತೊಟ್ಟಿಯ ನಡುವೆ ಒಂದು ಕಲ್ಲು. ಅದರ ಮೇಲೆ ಹೂವಿನಂತೆ ಬಿಚ್ಚಿಕೊಂಡು ಕೂತ ಒಂದು ಪ್ರಾಣಿ. ಎಸಳುಗಳಿರಬೇಕಾದ ಕಡೆ ನೂರಾರು ಮೆತ್ತನೆಯ ಬೆರಳುಗಳು. ಮಾರಿಯಮ್ಮ ಅದಕ್ಕೆ ತಾಮರೆ ಎನ್ನುತ್ತಿದ್ದಳು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ಆ ಬೆರಳುಗಳ ನಡುವೆಯೇ ಸಂಸಾರ ಹೂಡಿದ್ದವು. ಸುತ್ತ ಸಣ್ಣಪುಟ್ಟ ಕಲ್ಲು, ಹವಳದ ತುಣುಕು, ಗಾಜಿಗೆ ಅಂಟಿದ ಶಂಖದ ಹುಳುಗಳು, ಒಂದು ಸಿಗಡಿ. ತಾಮರೆಯ ಕಲ್ಲು ಅವಳಪ್ಪ ಕೊನೆಯ ಸಲ ಮುಳುಗಿ ತಂದದ್ದು. ಅದಾದ ವರ್ಷವೇ ಅವನು ತೀರಿಕೊಂಡಿದ್ದ. ಮೀನು ಸತ್ತರೆ ಆರುಮುಗಂ ಇನ್ನೊಂದು ತಂದಾನು. ತಾಮರೆಗೆ ಬದಲಿ ಇಲ್ಲವೆಂದು ಆ ಮನೆಗೆ ಬಂದು ಹೋಗುವವರಿಗೆಲ್ಲ ಗೊತ್ತಿತ್ತು.

ಬಂದು ಹೋಗುವವರಲ್ಲಿ ಮುಖ್ಯನಾದವನು ಶ್ರೀರಾಮಪ್ಪ. ಬಂಗಾರಪೇಟೆ ಪಕ್ಕದ ಹಳ್ಳಿಯ ಹುಡುಗ, ಬೆಂಗಳೂರಿನಲ್ಲಿ ಬಿ.ಎಸ್ಸಿ. ಮಾಡಿ ಬೇತಮಂಗಲದ ನೀರು ಶುದ್ಧಿ ಮಾಡುವಲ್ಲಿ ಕೆಲಸಕ್ಕಿದ್ದ. ಗಣಿಯ ಊರುಗಳಿಗೆಲ್ಲ ನೀರು ಬರುವುದು ಅಲ್ಲಿಂದಲೇ ಆದ್ದರಿಂದ "ನಾನು ಇಡೀ ಕೆ.ಜಿ.ಎಫ್‌ಗೇ ನೀರು ಕುಡಿಸಿದೋನು" ಎಂದು ಮೀಸೆ ಇಲ್ಲದ ಜಾಗ ತಿರುವುತ್ತಿದ್ದ. ಊರಿಗಾಂನಲ್ಲಿ ಬಾಡಿಗೆ ಕೋಣೆ, ಭಾನುವಾರದ ಊಟ ಪೆರುಮಾಳನ ಮನೆಯಲ್ಲಿ. ಊಟಕ್ಕೆ ಬದಲಾಗಿ ಅವನು ದನಿಗಳನ್ನು ತರುತ್ತಿದ್ದ. ಬೇತಮಂಗಲದ ತನ್ನ ಓವರ್ಸಿಯರ್ ಮುನಿಸ್ವಾಮಪ್ಪನ ಮೂಗುದನಿ, ಬಸ್ ಕಂಡಕ್ಟರನ ತೆಲುಗು, ಬ್ಯಾಂಡು ಬಾರಿಸುವವನ ಬಿಕ್ಕಳಿಕೆ ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಮಾರಿಯಮ್ಮ ಸೌಟು ಹಿಡಿದುಕೊಂಡೇ ನಕ್ಕು ನಕ್ಕು ಗೋಡೆಗೆ ಒರಗುವಳು. "ಸಾಕು ತಂಬಿ, ಒಟ್ಟೆ ನೋವು!"

ಆ ಬೇಸಿಗೆಯಲ್ಲಿ ತೊಟ್ಟಿಗೆ ಪಾಚಿ ಬಂತು.

ಮೊದಲು ಗಾಜಿನ ಮೂಲೆಯಲ್ಲಿ ಹಸಿರು ಮಬ್ಬು. ಆಮೇಲೆ ಕಲ್ಲುಗಳಿಗೆಲ್ಲ ಕೂದಲು ಬೆಳೆಯಿತು. ಮಾರಿಯಮ್ಮ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು, ಎಳೆ ಎಳೆಯಾಗಿ ಕಿತ್ತಳು, ಬಿಸಿಲು ಬೀಳದಂತೆ ಕಿಟಕಿಗೆ ಗೋಣಿ ಕಟ್ಟಿದಳು, ಮೀನಿಗೆ ಹಾಕುವ ತಿಂಡಿ ಅರ್ಧ ಮಾಡಿದಳು. ಶಂಖದ ಹುಳುಗಳು ಗಾಜನ್ನು ನೆಕ್ಕಿ ಶುಚಿ ಮಾಡಿದವೇ ಹೊರತು ಆ ಕೂದಲಿಗೆ ಬಾಯಿ ಹಾಕಲಿಲ್ಲ. ಕಿತ್ತ ವಾರಕ್ಕೆ ಮತ್ತೆ ಅಷ್ಟೇ. ಕೊನೆಗೆ ಅದು ತಾಮರೆಯ ಬುಡಕ್ಕೇ ಬಂದು ಸುತ್ತಿಕೊಂಡಿತು.

"ಇದೆಲ್ಲಾ ನಿಂದೇ ಉಪಕಾರ ಮಚ್ಚಾನ್" ಎಂದ ಪೆರುಮಾಳ್ ಶ್ರೀರಾಮಪ್ಪನಿಗೆ, ಒಂದು ಭಾನುವಾರ ಎಲೆಯ ಮುಂದೆ. "ಕಡಲ್ನೀರು ಇರೋಗಂಟ ಒಂದು ಎಳೆ ಇರ್ಲಿಲ್ಲ. ಬಿಸಿಲಿಗೆ ನೀರು ಆರ್ತದೆ ಅಂತ ಮೇಲೆ ನಿಮ್ಮ ಬೇತಮಂಗಲದ ನಲ್ಲಿ ನೀರು ಸುರಿದ್ವು ನೋಡು, ಅವತ್ತಿಂದ ಹಿಡಿಯಿತು."

"ಬಾವ, ನಮ್ಮ ನೀರಿಗೆ ಹಂಗನ್ಬೇಡಿ. ಕೆರೆಯಷ್ಟು ಪಾಚಿ ಕಂಡಿರೋನು ನಾನು." ಶ್ರೀರಾಮಪ್ಪ ತೊಟ್ಟಿಯ ಕಡೆ ತಿರುಗಿದ. "ಅಕ್ಕಾ, ತಮಿಳಲ್ಲಿ ಇದಕ್ಕೆ ಪಾಸಿ ಅಂತೀರಲ್ವಾ? ನಾನೂ ಪಾಸೇ, ಬೀಯೆಸ್ಸಿ ಪಾಸು. ಯಾವ ಪಾಸು ಗೆಲ್ತದೆ ನೋಡೋಣ ಬಿಡಿ."

"ನೀನು ಕೈ ಇಡ್ಬೇಡ ತಂಬಿ" ಎಂದಳು ಮಾರಿಯಮ್ಮ. ನಗುತ್ತಲೇ ಅಂದಳು, ಆದರೂ ಅಂದಳು.

ವೈಶಾಖದಲ್ಲಿ ಆರುಮುಗಂನ ಮಗಳ ಮದುವೆಗೆ ಗಂಡಹೆಂಡತಿ ಮದರಾಸಿಗೆ ಹೊರಟರು. ಮನೆಯ ಬೀಗದ ಕೈ ಶ್ರೀರಾಮಪ್ಪನ ಕೈ ಸೇರಿತು. ಚಿಟಿಕೆ ತಿಂಡಿ, ಗಾಳಿ ಮೋಟರಿನ ಗುರುಗುರು ನಿಲ್ಲದಂತೆ ನೋಡಿಕೊಳ್ಳುವುದು, ಇಷ್ಟೇ ಅವನಿಗೆ ಹೇಳಿದ್ದ ಕೆಲಸ.

ಬೇತಮಂಗಲದ ಕೆರೆಯಲ್ಲಿ ಪಾಚಿ ಕಟ್ಟಿದರೆ ಮಾಡುವ ಉಪಾಯವನ್ನು ಅವನು ಬಲ್ಲ. ಮೈಲುತುತ್ತವನ್ನು ಗೋಣಿಗೆ ತುಂಬಿ, ದೋಣಿಯ ಹಿಂದೆ ಕಟ್ಟಿ, ಕೆರೆಯ ಉದ್ದಗಲ ಎಳೆದಾಡುವುದು. ನೀಲಿ ಹರಳು ಕರಗುತ್ತ ಹೋಗುತ್ತದೆ, ವಾರದೊಳಗೆ ಪಾಚಿ ಬಿಳುಚಿ ಸಾಯುತ್ತದೆ. ಮೀನಿಗೆ ಏನೂ ಆಗದು. ಆ ನೀರನ್ನೇ ಶುದ್ಧಿ ಮಾಡಿ ಊರು ಕುಡಿಯುತ್ತದೆ. ಅಕ್ಕ ಮದುವೆ ಮುಗಿಸಿ ಬಾಗಿಲು ತೆಗೆಯುವಾಗ ತೊಟ್ಟಿ ಕನ್ನಡಿಯಂತೆ ಹೊಳೆಯಬೇಕು, ಆಗ ತಾನು ಓವರ್ಸಿಯರನ ದನಿಯಲ್ಲಿ ಒಂದು ಭಾಷಣ ಬಿಗಿಯಬೇಕು. ಭಾಷಣ ಮೊದಲೇ ತಯಾರಾಯಿತು. ಆಮೇಲೆ ಅವನು ಕೆಲಸದ ಕಡೆಯಿಂದ ತಂದ ಮೈಲುತುತ್ತವನ್ನು ಪುಟ್ಟ ಬಟ್ಟೆಗಂಟಿನಲ್ಲಿ ಕಟ್ಟಿ, ದೋಣಿ ಇಲ್ಲವಾದ್ದರಿಂದ ತನ್ನ ಬೆರಳನ್ನೇ ದೋಣಿ ಮಾಡಿಕೊಂಡು, ತೊಟ್ಟಿಯ ಉದ್ದಗಲ ಎಳೆದ.

ಮಾರನೆಯ ಬೆಳಿಗ್ಗೆ ಮೀನುಗಳು ಆಡುತ್ತಿದ್ದವು. ಪಾಚಿಯ ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಶ್ರೀರಾಮಪ್ಪ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದ. ಸಂಜೆ ಬಂದರೆ ಶಂಖದ ಹುಳುಗಳು ಗಾಜು ಬಿಟ್ಟು ತಳಕ್ಕೆ ಉದುರಿದ್ದವು. ಸಿಗಡಿ ಅಂಗಾತ ಮಲಗಿತ್ತು. ತಾಮರೆ ತನ್ನ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಹಿಂಡಿದ ಬಟ್ಟೆಯ ಹಾಗೆ ಕೂತಿತ್ತು, ಎರಡು ಮೀನುಗಳು ಅದರ ಸುತ್ತ ಬಾಗಿಲು ತಟ್ಟುವವರಂತೆ ಮೂತಿ ಒತ್ತುತ್ತಿದ್ದವು.

ಆಗ ಅವನಿಗೆ ನೆನಪಾಯಿತು. ಕೆರೆಗೆ ಮೈಲುತುತ್ತ ಬಿಟ್ಟ ಮೇಲೆ ಏರಿಯ ಅಂಚಿಗೆ ಸತ್ತ ಬಸವನಹುಳುಗಳ ಚಿಪ್ಪು ಬಂದು ಬೀಳುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಕಂಡೂ ಮೀನುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದ. ಗಾಬರಿಯಲ್ಲಿ, ಮನೆಯಲ್ಲಿದ್ದ ಒಂದು ಜಾಡಿ ಕಡಲ್ನೀರನ್ನು ಸುರಿದು ಅಷ್ಟೇ ಹಳೆಯದನ್ನು ತೆಗೆದ. ನೀಲಿ ಹಿಡಿದ ಬಟ್ಟೆಯನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟ. ತಾಮರೆ ಮತ್ತೆ ಬಿಚ್ಚಲಿಲ್ಲ. ಮದುವೆಯವರು ಬರುವ ಹೊತ್ತಿಗೆ ಅದು ಕಲ್ಲಿನ ಮೇಲೆ ಲೋಳೆಯಾಗಿತ್ತು, ಮನೆಯೆಲ್ಲ ವಾಸನೆ.

ಮಾರಿಯಮ್ಮ ತೊಟ್ಟಿಯ ಮುಂದೆ ಕೂತವಳು ಏಳಲಿಲ್ಲ.

"ಏನಾಯ್ತು ಮಚ್ಚಾನ್?" ಎಂದ ಪೆರುಮಾಳ್.

"ಗೊತ್ತಿಲ್ಲ ಬಾವ. ಬೆಳಿಗ್ಗೆ ಬಂದು ನೋಡಿದ್ರೆ ಹಿಂಗಿತ್ತು." ಬೇರೆಯವರ ದನಿಯನ್ನೆಲ್ಲ ಸುಲಭವಾಗಿ ತೆಗೆಯುವವನಿಗೆ ಆ ಸುಳ್ಳು ತನ್ನ ದನಿಯಲ್ಲೇ ಅಷ್ಟೊಂದು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು.

"ತಂಬೀನ ಯಾಕೆ ಕೇಳ್ತೀರ? ಮಾಡಿದೋಳು ನಾನು" ಎಂದಳು ಮಾರಿಯಮ್ಮ, ಗಾಜಿನಿಂದ ಕಣ್ಣು ತೆಗೆಯದೆ. "ಹೊರಡೋ ದಿನ ಮಾರಿಯಮ್ಮನ ಗುಡಿಯ ಮಂಜಳ್ ನೀರು ಇತ್ತಲ್ಲ, ಅರಿಶಿನದ ತೀರ್ಥ. ಪಾಸಿ ಓಗ್ಲಿ ತಾಯೀ ಅಂತ ಒಂದು ಉದ್ಧರಣೆ ತೊಟ್ಟಿಯೊಳಗೆ ಬಿಟ್ಟೆ. ನಿಮಗೂ ಏಳ್ಲಿಲ್ಲ. ಅಪ್ಪನ ಕಲ್ಲನ್ನ ನನ್ನ ಕೈಯಾರ ಕೊಂದೆ."

ಒಂದು ಉದ್ಧರಣೆ ಅರಿಶಿನದ ನೀರು ಏನೂ ಮಾಡುವುದಿಲ್ಲ ಎಂದು ಹೇಳಲು ಶ್ರೀರಾಮಪ್ಪನ ಬಾಯಿ ತೆರೆಯಿತು. ಹಾಗಾದರೆ ಯಾವುದು ಮಾಡಿತು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಬಾಯಿ ಮುಚ್ಚಿತು.

ಮುಂದಿನ ಭಾನುವಾರ ಊಟಕ್ಕೆ ಬಂದಾಗ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ಒಂದರಿಂದ ಗಂಡಸರಿಗೆ ಬಡಿಸಿ, ಇನ್ನೊಂದರಿಂದ ಮಾರಿಯಮ್ಮ ತಾನು ಬಡಿಸಿಕೊಂಡಳು.

"ಉಪ್ಪು ಬಿಟ್ಟವ್ಳೆ" ಎಂದ ಪೆರುಮಾಳ್, ಅವಳಿಗೆ ಕೇಳುವಂತೆಯೇ. "ಗುಡೀಲಿ ಅರಕೆ ಮಾಡ್ಕೊಂಡು ಬಂದವ್ಳೆ. ಮುಂದಿನ ವೈಶಾಖದವರೆಗೂ, ಒಂದು ವರ್ಷ. ಉಪ್ಪುಗಾಳೀಲಿ ಹುಟ್ಟಿದೋಳು ಉಪ್ಪು ಬಿಟ್ರೆ ಏನು ಉಳೀತದೆ, ನೀನೇ ಏಳು."

"ಸಾರು ಚೆನ್ನಾಗಿದೆ ಅಕ್ಕ" ಎಂದ ಶ್ರೀರಾಮಪ್ಪ. ಮಾರಿಯಮ್ಮ ಸಪ್ಪೆ ಅನ್ನವನ್ನು ಔಷಧಿ ನುಂಗುವಂತೆ ನುಂಗುತ್ತಿದ್ದಳು.

ಅಂದಿನಿಂದ ಶ್ರೀರಾಮಪ್ಪನಿಗೆ ಊಟದ ಮೇಲೆ ಅನುಮಾನ ಹುಟ್ಟಿತು. ಬೇತಮಂಗಲದ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುವಾಗ ಅದರ ಹೆಸರಲ್ಲೇ ಉಪ್ಪಿರುವುದು ಚುಚ್ಚಿತು. ಎಲ್ಲರನ್ನೂ ನಗಿಸುವ ಇಂಥ ಮಾತು ಇವತ್ತು ಅವನನ್ನು ನಗಿಸಲಿಲ್ಲ. ಮಾರಿಯಮ್ಮ ತೆಳ್ಳಗಾಗುತ್ತಿದ್ದಳು. ಬಿಸಿಲಿಗೆ ತಲೆ ಸುತ್ತಿ ನಲ್ಲಿಯ ಹತ್ತಿರ ಒಮ್ಮೆ ಕುಸಿದಳೆಂದು ಪಕ್ಕದ ಮನೆಯ ವರಲಕ್ಷ್ಮಮ್ಮ ಬೀದಿಯಲ್ಲಿ ತಡೆದು ಹೇಳಿದರು. "ನಿನ್ ಮಾತು ಕೇಳ್ತಾಳಪ್ಪಾ, ನೀನಾದ್ರೂ ಏಳು."

ಮತ್ತೊಂದು ಭಾನುವಾರ. ಊಟಕ್ಕೆ ಮುಂಚೆ ಪೆರುಮಾಳ್ ಚಾಪೆಯ ಮೇಲೆ ಕಾಲು ಚಾಚಿ, "ಲೇ ಮಚ್ಚಾನ್, ಆ ಮುನಿಸ್ವಾಮಪ್ಪನ್ನ ಕರ್ಕೊಂಡು ಬಾರೋ. ಇವಳ ಮೊಕ ನೋಡಾಕಾಯ್ತಿಲ್ಲ" ಎಂದ.

ಶ್ರೀರಾಮಪ್ಪ ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಮೂಗನ್ನು ಒಳಗೆಳೆದುಕೊಂಡ. ಓವರ್ಸಿಯರ್ ಮುನಿಸ್ವಾಮಪ್ಪ ಬಂದೇಬಿಟ್ಟ.

"ಏನ್ಲಾ ಬೀಯೆಸ್ಸೀ! ಮೈಲುತುತ್ತದ ಡಬ್ಬ ತಗ್ಗೈತಲ್ಲ, ಎಲ್ಲೋಯ್ತು? ನಿಮ್ಮತ್ತೆ ಸೀರೆಗೆ ಬಣ್ಣ ಆಕ್ದಾ?"

ಪೆರುಮಾಳ್ ತೊಡೆ ತಟ್ಟಿದ. ಒಲೆಯ ಮುಂದಿದ್ದ ಮಾರಿಯಮ್ಮ ತಿರುಗಿ ನೋಡಿದಳು. ತುಟಿಯ ಅಂಚು ಸ್ವಲ್ಪ ಅಲುಗಿತು.

"ಕೆರೆ ಯಾವ್ದು, ಕಡಲು ಯಾವ್ದು ಗೊತ್ತಿಲ್ವೇನ್ಲಾ ನಿಂಗೆ? ಒರೇ, ಬೀಗದ ಕೈ ಕೊಟ್ಟು ಓದ್ರೆ, ಗಂಟು ಕಟ್ಕಂಡು ಓಗಿ ಪರರ ಮನೆ ತೊಟ್ಟೀಲಿ ದೋಣಿ ಓಡ್ಸಿದ್ಯಲ್ಲೋ! ಮೀನು ಬದುಕ್ತವೆ ಅಂದ್ಕಂಡ್ಯಾ? ಮೀನು ಬದುಕಿದ್ವು ಕಣ್ಲಾ, ಮೀನಿನ ಮನೆ ಎಲ್ಲಿ? ಆ ಯಮ್ಮ ಉಪ್ಪು ಬಿಟ್ಟು ಕುಂತವ್ಳೆ, ನೀನು ಸಾರು ಸುರ್ಕಂಡು..."

ಪೆರುಮಾಳ್ ಇನ್ನೂ ನಗುತ್ತಿದ್ದ. ಮಾರಿಯಮ್ಮ ಸೌಟನ್ನು ಕೆಳಗಿಟ್ಟಳು.

"ಶ್ರೀರಾಮಾ" ಎಂದಳು. "ಅದನ್ನ ನಿನ್ನ ಗಂಟಲಲ್ಲಿ ಏಳು."

ಮೂಗು ತನ್ನ ಜಾಗಕ್ಕೆ ಬರಲು ಹೊತ್ತು ಹಿಡಿಯಿತು. ಸ್ವಂತ ಗಂಟಲು ಹುಡುಕಿದರೆ ಅಲ್ಲಿ ಕೆಮ್ಮು ಮಾತ್ರ ಇತ್ತು.

"ಮೈಲುತುತ್ತ ಹಾಕಿದ್ದು ನಾನೇ ಅಕ್ಕ. ನೀವು ಹೋದ ಮಾರನೇ ದಿವಸ. ಪಾಚಿ ಹೋಗ್ತದೆ, ನಿಮಗೆ ಖುಷಿ ಆಗ್ತದೆ ಅಂತ... ನಿಮ್ಮ ತೀರ್ಥದಿಂದ ಏನೂ ಆಗಿಲ್ಲ."

ಪೆರುಮಾಳನ ನಗು ಅರ್ಧದಲ್ಲಿ ನಿಂತಿತು.

"ನಾನು ಉಪ್ಪು ಬಿಟ್ಟೆ ಅಂತ ಇವರು ಏಳಿದಾಗ ನೀನು ಇಲ್ಲೇ ಕೂತಿದ್ದೆ" ಎಂದಳು ಅವಳು. ದನಿ ಏರಿರಲಿಲ್ಲ. "ಸಾರು ಚೆನ್ನಾಗಿದೆ ಅಂದೆ."

ಶ್ರೀರಾಮಪ್ಪ ಹೇಳಲೇಬೇಕಾದ ಇನ್ನೊಂದು ಮಾತು ಉಳಿದಿತ್ತು. "ಆ ನೀರನ್ನ ಚೆಲ್ಬೇಕು ಅಕ್ಕ. ಮೈಲುತುತ್ತ ಕಲ್ಲಿಗೂ ಇಳಿದಿರ್ತದೆ. ಹೊಸ ನೀರಿಗೆ ಆ ಕಲ್ಲು ಇಟ್ರೆ ಮತ್ತೆ ಬಿಡ್ತದೆ. ಅಪ್ಪನ ಕಲ್ಲು... ಅದನ್ನೂ ತೆಗೀಬೇಕು."

ಮಾರಿಯಮ್ಮ ಎದ್ದು ಒಳಕ್ಕೆ ಹೋದಳು.

ಪೆರುಮಾಳ್ ಎದ್ದ. "ಬಕೆಟ್ ತಗೋ."

ಬದುಕಿದ್ದ ಎರಡು ಮೀನುಗಳನ್ನು ಆರುಮುಗಂ ಹೊಸದಾಗಿ ಕಳಿಸಿದ್ದ ಜಾಡಿಯ ನೀರು ಸುರಿದ ಬೋಗುಣಿಗೆ ಬಿಟ್ಟರು. ಉಳಿದ ನೀರನ್ನು ಗಿಡದ ಬುಡಕ್ಕೆ ಹಾಕುವಂತಿಲ್ಲ, ಚರಂಡಿಗೆ ಬಿಟ್ಟರೆ ದನ ಕುಡಿಯುತ್ತವೆ. ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಬುಡಕ್ಕೆ ಹೊರಬೇಕಾಯಿತು, ಅಲ್ಲಿ ಹೇಗೂ ಏನೂ ಬೆಳೆಯುವುದಿಲ್ಲ. ಸುಡುಬಿಸಿಲಿನಲ್ಲಿ ಇಬ್ಬರೂ ಬಕೆಟ್ ಹೊತ್ತು ತಿರುಗಿದರು. ಒಂದು ಸಲ ಪೆರುಮಾಳ್, ಬಕೆಟ್ ಬೋರಲು ಹಾಕುತ್ತ, "ಬಂಗಾರಪೇಟೇಲಿ ನನ್ನ ಭುಜದ ಮೇಲೆ ಇಳಿಸಿಕೊಂಡು ತಂದಿದ್ದು ಕಣೋ ಇದು" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಹಿಂತಿರುಗಿದಾಗ ಮಾರಿಯಮ್ಮ ಅಪ್ಪನ ಕಲ್ಲನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ನೀರಿನ ಹೊರಗೆ ಅದು ಯಾವ ಕಲ್ಲಾದರೂ ಆಗಬಹುದಿತ್ತು.

"ಅಕ್ಕಾ" ಎಂದ ಶ್ರೀರಾಮಪ್ಪ ಬಾಗಿಲಲ್ಲೇ ನಿಂತು. "ಆ ಹರಕೆ ನಂಗೆ ಕೊಡಿ. ನಾನು ಬಿಡ್ತೀನಿ ಉಪ್ಪು. ನೀವು ತಿನ್ನಿ."

"ಅರಕೆ ಏನು ಬಸ್ ಟಿಕೇಟಾ, ಕೈ ಬದಲಾಯ್ಸೋಕೆ?" ಅವಳು ಎಲೆ ಹಾಸುತ್ತಿದ್ದಳು. "ಯಾರನ್ನೂ ಕೇಳ್ದೆ ಅದರ ನೀರಿಗೆ ಕೈ ಆಕಿದೋಳು ನಾನೂ ಹೌದು. ನನ್ನಿಂದ ಸಾಯ್ಲಿಲ್ಲ ಅಂದ್ರೆ ಅದು ನನ್ನ ಅದೃಷ್ಟ, ಅಷ್ಟೇ. ತಾಯಿ ಮುಂದೆ ನಿಂತು ಮಾತು ಕೊಟ್ಟಾಯ್ತು, ನಂದನ್ನ ನಾನು ಮುಗಿಸ್ತೀನಿ. ನಿಂದು ನೀನು ನೋಡ್ಕೋ."

"ಹಂಗಾದ್ರೆ ನಾನು ಬರ್ತೀನಿ."

"ಕೂತ್ಕೋ. ಅನ್ನದ ಒತ್ತಿಗೆ ಎದ್ದು ಓಗ್ಬಾರ್ದು." ತಂಬಿ ಎನ್ನಲಿಲ್ಲ.

ಎರಡು ಪಾತ್ರೆಗಳು. ದೊಡ್ಡದರಿಂದ ಅವಳು ಅವನ ಎಲೆಗೆ ಅನ್ನ ಹಾಕಿ ಸಾರು ಬಿಟ್ಟಳು, ಎಂದಿನಷ್ಟೇ, ಕಡಿಮೆಯಿಲ್ಲದೆ. ಬೋಗುಣಿಯಲ್ಲಿ ಎರಡು ಮೀನುಗಳು ಒಂದಕ್ಕೊಂದು ಅಂಟಿಕೊಂಡು ಅಂಚಿನುದ್ದಕ್ಕೂ ಸುತ್ತುತ್ತಿದ್ದವು. ಅವನು ಕಲಸಿದ ತುತ್ತು ಕೈಯಲ್ಲೇ ಉಳಿಯಿತು.

"ತಿಂದು ನೋಡಿ ಏಳು" ಎಂದಳು ಮಾರಿಯಮ್ಮ. "ಉಪ್ಪು ಸರಿಯಾಗಿ ಬಿದ್ದಿದ್ಯೋ ಇಲ್ವೋ. ನಾನು ರುಚಿ ನೋಡಂಗಿಲ್ಲ."

ಅವನು ತುತ್ತನ್ನು ಬಾಯಿಗಿಟ್ಟುಕೊಂಡ. ಅವಳು ಸೌಟು ಹಿಡಿದು ಕಾಯುತ್ತಿದ್ದಳು.

"ಉಪ್ಪು ಸಾಕು" ಎಂದ.